ಹನ್ನೊಂದು ನಿಮಿಷ

ಹಾಸನದ ಕೋರ್ಟಿನೆದುರು, ಮೆಟ್ಟಿಲ ಕೆಳಗಿನ
ಆರಡಿ ಅಂಗಡಿ ನನ್ನದು.
ಒಂದು ಕುರ್ಚಿ, ಒಂದು ಬೆಂಚು, ಬಾಂಡ್ ಪೇಪರಿನ ಕಟ್ಟು,
ಗುಂಡಿ ಒತ್ತಿದ ಹನ್ನೊಂದು ನಿಮಿಷಕ್ಕೆ
ಕಣ್ಣು ಬಿಡುವ ಒಂದು ಕಂಪ್ಯೂಟರು.

ಬೇಜಾರು ಅಂತೇನಿರಲಿಲ್ಲ.
ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ತಾಯಿಯ ಊರು,
ಇಲ್ಲಿ ಕಾಯುವುದನ್ನು ಯಾರಿಗೂ ಕಲಿಸಬೇಕಿಲ್ಲ.
ಗುಂಡಿ ಒತ್ತಿ, ಹೊಸ್ತಿಲಿಗೆ ನೀರು ಹಾಕಿ,
ಎದುರಿನ ಡಬ್ಬಿಯಂಗಡಿಯಿಂದ ಅರ್ಧ ಟೀ ತಂದು
ಕುಡಿದು, ಲೋಟ ತೊಳೆದು ವಾಪಸ್ಸು ಕೊಟ್ಟು ಬಂದರೂ
ಪರದೆಯ ಮೇಲೆ ಚುಕ್ಕಿಗಳು ಇನ್ನೂ
ಪ್ರದಕ್ಷಿಣೆ ಹಾಕುತ್ತಿದ್ದವು.

ಶನಿವಾರ ಸಂಜೆ ಪೆನ್ಷನ್ ಮೊಹಲ್ಲಾದ ಇಲಿಯಾಸ್ ಬಂದ.
ಮಗ್ಗುಲ ತಗಡು ಬಿಚ್ಚಿದ.
ಹದಿಮೂರು ವರ್ಷದ ಧೂಳು, ಹಲ್ಲಿಮೊಟ್ಟೆಯ ಎರಡು ಚಿಪ್ಪು,
ನಾನು ಹುಡುಕಿ ಕೈಬಿಟ್ಟಿದ್ದ ಓಲೆಯ ತಿರುಪು.
“ಮಿಷನ್ ಗಟ್ಟಿಯಾಗೇ ಇದೆ ಅಕ್ಕಾ,
ಇದರ ನೆನಪು ಮಾತ್ರ ನಿಧಾನ. ಕಿವಿಗೊಟ್ಟು ಕೇಳಿ.”
ಕಿರ್… ಕಿರ್…
ಒಳಗೆ ತಟ್ಟೆ ತಿರುಗುತ್ತದಂತೆ,
ಮುಳ್ಳೊಂದು ಅದರ ಮೇಲೆ ಓಡಾಡುತ್ತದಂತೆ,
ಕೇಳಿದ್ದು ಸಿಗುವ ತನಕ ಸುತ್ತಲೇಬೇಕಂತೆ.

ನನ್ನ ಬೆಂಚಿನವರ ಹಾಗೆಯೇ.
ಸರ್ವೆ ನಂಬರ್ ಎಷ್ಟಮ್ಮ ಎಂದರೆ
ಅತ್ತೆಯ ಸೀಮಂತದಿಂದ ಶುರುಮಾಡುವವರು,
ತಾರೀಖು ಕೇಳಿದರೆ
“ಆಲೂಗಡ್ಡೆಗೆ ಅಂಗಮಾರಿ ಬಂತಲ್ಲ, ಅದರ ಹಿಂದಿನ ವರ್ಷ” ಎನ್ನುವವರು.
ಸುತ್ತಿ ಸುತ್ತಿ ಮುಳ್ಳು ಒಂದು ಕಡೆ ನಿಲ್ಲುವುದು.
ಅಲ್ಲಿ ದನಿ ಇಳಿಯುವುದು.
ನಾನು ಆ ಜಾಗ ಗುರುತಿಟ್ಟುಕೊಳ್ಳುತ್ತಿದ್ದೆ.
ಪರದೆ ಬೆಳಗುವ ಹೊತ್ತಿಗೆ
ಅರ್ಜಿ ನನ್ನ ತಲೆಯಲ್ಲಿ ಟೈಪಾಗಿರುತ್ತಿತ್ತು.

ಹೊಸದು ತಿರುಗುವುದಿಲ್ಲ.
ಇಸ್ಪೀಟಿನ ಕಟ್ಟಿನಷ್ಟು, ಅದರ ಅರ್ಧ ಭಾರ.
ಅಲ್ಲಾಡಿಸಿ ನೋಡಿದೆ, ಸದ್ದಿಲ್ಲ.
ಚೌಕಾಸಿ ಮಾಡಿ ಸಾವಿರದ ಒಂಬೈನೂರು ಕೊಟ್ಟೆ.
ಹಳೆಯದರಿಂದ ಹೊಸದಕ್ಕೆ ನಕಲು ಇಳಿಯಲು ನಾಲ್ಕು ಗಂಟೆ:
ಭಾಗಪತ್ರ, ಬಾಡಿಗೆ ಕರಾರು, ಹೆಸರು ತಿದ್ದುಪಡಿ,
ಜೀವನಾಂಶ, ದಾರಿ ತಕರಾರು, ಶೇಕಡ ನಲವತ್ತು,
ಇನ್ನೊಂದು ದಾರಿ ತಕರಾರು, ನಲವತ್ತೊಂದು…
ಊರಿನ ಜಗಳವೆಲ್ಲ ಒಂದು ತೆಳು ತಂತಿಯೊಳಗೆ
ಸಾಲಾಗಿ, ಯಾರನ್ನೂ ತಳ್ಳದೆ, ದಾಟುತ್ತಿತ್ತು.
ಇಲಿಯಾಸ್ ನಮಾಜಿಗೆ ಹೋಗಿ ಬಂದ.
ನಾನು ಕೂತೇ ಇದ್ದೆ.

ಸೋಮವಾರ. ಹದಿನಾಲ್ಕು ಸೆಕೆಂಡು.
ಪೊರಕೆ ಇನ್ನೂ ಕೈಯಲ್ಲಿತ್ತು, ನುಡಿ ತೆರೆದು ಕೂತಿತ್ತು!
ಮಧ್ಯಾಹ್ನದೊಳಗೆ ಹತ್ತೊಂಬತ್ತು ಅಫಿಡವಿಟ್ಟು.
ಮನೆಗೆ ಹೋಗಿ ಬಿಸಿ ಅನ್ನ ಉಂಡೆ, ಎಷ್ಟೋ ವರ್ಷದ ಮೇಲೆ.
ಸುಳ್ಳೇಕೆ, ಖುಷಿಯಾಯಿತು.

ಮೂರಕ್ಕೆ ಆಲೂರಿನ ಕೆಂಚಮ್ಮ ಬಂದಳು,
ಪಹಣಿಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು.
“ಹೇಳಿ” ಅಂದೆ. ಕರ್ಸರ್ ಮಿಟುಕುತ್ತಿತ್ತು.
ಪರದೆ ನೋಡಿದಳು, ನನ್ನ ನೋಡಿದಳು,
“ಏನ್ ಹೇಳ್ಲವ್ವ” ಅಂದು ಸುಮ್ಮನಾದಳು.
ಆಮೇಲೆ ಸರ್ವೆ ನಂಬರ್ ಕೊಟ್ಟಳು. ಗುಂಟೆ ಕೊಟ್ಟಳು.
ಮೈದುನನ ಹೆಸರು ಕೊಟ್ಟಳು.
ಅರ್ಧ ಪುಟಕ್ಕೆ ಅರ್ಜಿ ಮುಗಿಯಿತು, ತಪ್ಪೊಂದೂ ಇಲ್ಲ.
ಯಾವ ಅತ್ತಿಗೆ ಬೇಕಾದರೂ
ಯಾವ ಮೈದುನನ ಮೇಲೆ ಬೇಕಾದರೂ ಹಾಕಬಹುದಿತ್ತು.

ಹಳೆಯ ಡಿಸ್ಕನ್ನು ಇಲಿಯಾಸ್ ಎಸೆದಿರಲಿಲ್ಲ,
ಪಕ್ಕದಲ್ಲೇ ಕೂರಿಸಿ ಡಿ ಎಂದು ಹೆಸರಿಟ್ಟಿದ್ದ.
ಇವಳ ಗಂಡನ ಹಳೆಯ ಕರಾರೊಂದು ಇರಬಹುದೆಂದು
ಅದರ ಮೇಲೆ ಒತ್ತಿದೆ.
ಮಲಗಿದ್ದ ತಟ್ಟೆ ಎದ್ದಿತು. ಕಿರ್… ಕಿರ್…

“ಒಳಗೇನೋ ಐತಲ್ಲವ್ವ?”
“ಹುಡುಕ್ತಾ ಐತೆ ಕಣಮ್ಮ. ಒಸಿ ಹೊತ್ತಾಗ್ತದೆ.”
“ಆಗ್ಲಿ ಬಿಡು,”
ಕಾಲು ಮೇಲೆಳೆದುಕೊಂಡು ಬೆಂಚಿನಲ್ಲಿ ಕೂತಳು.
“ಆ ಬಾವಿ ತೋಡಿಸ್ದಾಗ ನಾನಿನ್ನೂ ಬಾಣಂತಿ…”

ಕರಾರು ಸಿಗಲಿಲ್ಲ.
ಇನ್ನೊಮ್ಮೆ ಹುಡುಕು ಎಂದೆ ಡಿಸ್ಕಿಗೆ.